ಮೂರರಲ್ಲಿ ನಡುವಿನದು

ಮೊದಲೇ ಕ್ಷಮೆ ಕೇಳಿಬಿಡುತ್ತೇನೆ. ನನ್ನ ಅಕ್ಷರ ಚೆನ್ನಾಗಿಲ್ಲ. ಗೆರೆ ಹಾಕಿದ ಹಾಳೆಯಲ್ಲಿ ಬರೆದರೂ ಸಾಲು ಕೊನೆಗೆ ಬರುವಷ್ಟರಲ್ಲಿ ಇಳಿಜಾರಿಗೆ ಬಿದ್ದಿರುತ್ತದೆ. ಅನುಮಾನ ಬಂದ ಕಡೆ ಅಳಿಸಿ ಅಳಿಸಿ ಬರೆದಿದ್ದೇನೆ, ಕಾಗದ ತೆಳ್ಳಗಾಗಿದ್ದರೆ ಬೇಸರಪಡಬೇಡಿ. ಒಂಬತ್ತನೇ ಕ್ಲಾಸು ಮುಗಿಯುವ ಮೊದಲೇ ಸ್ಕೂಲು ಬಿಟ್ಟವಳು ನಾನು. ದೊಡ್ಡ ಪದಗಳು ಬರುವುದಿಲ್ಲ, ಬಂದರೆ ಅವು ಅಕ್ಕನ ಬಾಯಿಂದ ಕೇಳಿದವು. ಇದು ಅಕ್ಕನ ಕಥೆ. ಇದರಲ್ಲಿ ಬರುವ ತಂಗಿ ನಾನೇ, ಆದರೆ ಸಾಲು ಸಾಲಿಗೂ 'ನಾನು ನಾನು' ಎಂದು ಬರೆಯಲು ನಾಚಿಕೆಯಾಗುತ್ತದೆ. ಅದಕ್ಕೇ ಬೇರೆ ಯಾರೋ ಅನ್ನುವ ಹಾಗೆ ಬರೆದಿದ್ದೇನೆ. ಅಕ್ಕನ ಮನಸ್ಸಿನೊಳಗೆ ಇದ್ದದ್ದನ್ನು ಅಕ್ಕನೇ ನನಗೆ ಹೇಳಿದ್ದು.

ಅವರ ಮನೆ ಹಾರ್ಡ್‌ವೇರ್ ಅಂಗಡಿಯ ಮಹಡಿಯ ಮೇಲಿತ್ತು. ಎರಡೇ ಕೋಣೆ. ಮುಂದಿನ ಕೋಣೆಯ ಕಿಟಕಿಯ ಪಕ್ಕ ಅಮ್ಮನ ಹೊಲಿಗೆ ಮೆಷಿನ್ನು, ಅದರ ಹಿಂದೆ ಕತ್ತರಿಸುವ ಮೇಜು, ಮೇಜಿನ ಕೆಳಗೆ ಬಟ್ಟೆ ಚೂರಿನ ಗೋಣಿಚೀಲ. ಅಪ್ಪ ತಂಗಿ ಹುಟ್ಟಿದ ವರ್ಷವೇ ತೀರಿಕೊಂಡಿದ್ದ. ಅಮ್ಮ ಕೋಟು, ಪರದೆ, ಸ್ಕೂಲಿನ ಯೂನಿಫಾರ್ಮು ಹೊಲಿದು ಇಬ್ಬರು ಹೆಣ್ಣುಮಕ್ಕಳನ್ನು ಸಾಕಿದಳು. ಅವಳ ತುಟಿಗಳ ನಡುವೆ ಯಾವಾಗಲೂ ಮೂರೋ ನಾಲ್ಕೋ ಗುಂಡುಸೂಜಿ ಇರುತ್ತಿದ್ದವು. ಸೂಜಿ ಕಚ್ಚಿಕೊಂಡೇ ಮಕ್ಕಳನ್ನು ಬೈಯುತ್ತಿದ್ದಳು, ಗಿರಾಕಿಗಳ ಜೊತೆ ಚೌಕಾಶಿ ಮಾಡುತ್ತಿದ್ದಳು, ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದಳು. ಒಂದು ಸೂಜಿಯೂ ಬೀಳುತ್ತಿರಲಿಲ್ಲ.

ಇಬ್ಬರು ಮಕ್ಕಳು ಎಂದರೆ ಒಂದು ಉತ್ತರ, ಒಂದು ದಕ್ಷಿಣ. ಅಕ್ಕ ಬಾಯಿ ತೆರೆದರೆ ನಿಲ್ಲಿಸುವವಳಲ್ಲ. ತಂಗಿಗೆ ಕ್ಲಾಸಿನಲ್ಲಿ ಎದ್ದು ನಿಂತು ಓದು ಎಂದರೆ ಬಾಯಿಂದ ಅಕ್ಷರವೇ ಹೊರಡುತ್ತಿರಲಿಲ್ಲ. ಒಂದು ದಿನ ಇಡೀ ಪಿರಿಯಡ್ಡು ಪುಸ್ತಕ ಹಿಡಿದು ನಿಂತೇ ಇದ್ದು, ಮನೆಗೆ ಬಂದು, ಮರುದಿನ ಹೋಗಲಿಲ್ಲ. ಅಮ್ಮ ಒಂದು ವಾರ ಬೈದಳು, ಎರಡನೇ ವಾರ ಕೈಗೆ ಸೂಜಿ ಕೊಟ್ಟು ಅಂಚು ಹೊಲಿಯಲು ಕೂರಿಸಿದಳು. ನೆರೆಯವರು ಕೇಳಿದರೆ ಹೇಳುತ್ತಿದ್ದಳು: "ಮಾತು ಬೆಳ್ಳಿ, ಮೌನ ಬಂಗಾರ ಅಂತಾರಲ್ಲ. ನನ್ನ ಮನೇಲಿ ಒಂದು ಬೆಳ್ಳಿ, ಒಂದು ಬಂಗಾರ. ನನಗೇನು ಕಡಿಮೆ?"

ಅಕ್ಕ ಕಾಲೇಜಿಗೆ ಸೇರುವಾಗ ವಿದೇಶಿ ಭಾಷೆಗಳು ಮತ್ತು ಭಾಷಾಶಾಸ್ತ್ರ ತೆಗೆದುಕೊಂಡಳು. ಫ್ರೆಂಚು, ಜಪಾನಿ, ಜೊತೆಗೆ ಭಾಷೆ ಎನ್ನುವುದು ಹೇಗೆ ಕೆಲಸ ಮಾಡುತ್ತದೆ ಎನ್ನುವ ಪಾಠ. ಲಾರಿ ಆಫೀಸಿನಲ್ಲಿ ಗುಮಾಸ್ತನಾಗಿದ್ದ ಸೋದರಮಾವ ಸುದ್ದಿ ಕೇಳಿ ಮೆಟ್ಟಿಲು ಹತ್ತಿ ಬಂದ.

"ಭಾಷೆ ಕಲಿಯೋದಕ್ಕೆ ಕಾಲೇಜು ಯಾಕಮ್ಮ? ಗಿಣಿಗೂ ಎರಡು ಭಾಷೆ ಬರುತ್ತೆ, ಅದೇನು ಕಾಲೇಜಿಗೆ ಹೋಗಿತ್ತಾ?"

ಅಮ್ಮ ಮೆಷಿನ್ನಿನಿಂದ ತಲೆ ಎತ್ತಲಿಲ್ಲ. "ಗಿಣಿಗೆ ನನ್ನಂಥ ಅಮ್ಮ ಇರಲಿಲ್ಲ ಕಣೋ. ಇದ್ದಿದ್ರೆ ಅದೂ ಹೋಗಿರೋದು. ಕಾಫಿ ಕುಡಿದು ಹೋಗು."

ಅಂದಿನಿಂದ ಅಮ್ಮ ಅಕ್ಕನನ್ನು 'ಪ್ರೊಫೆಸರಮ್ಮ' ಎಂದು ಕರೆಯಲು ಶುರುಮಾಡಿದಳು. ಅಕ್ಕ ಕನ್ನಡಿಯ ಮುಂದೆ ನಿಂತು, ತುಟಿಯ ಎದುರು ಕಾಗದದ ಪಟ್ಟಿ ಹಿಡಿದು, ಯಾವ ಅಕ್ಷರಕ್ಕೆ ಪಟ್ಟಿ ಅಲ್ಲಾಡುತ್ತದೆ, ಯಾವುದಕ್ಕೆ ಅಲ್ಲಾಡುವುದಿಲ್ಲ ಎಂದು ನೋಡುತ್ತಿದ್ದಳು. ಮನುಷ್ಯನ ತಲೆಯನ್ನು ಮೂಗಿನ ನೇರಕ್ಕೆ ಸೀಳಿದಂಥ ಒಂದು ಚಿತ್ರ ಗೋಡೆಗೆ ಅಂಟಿಸಿದ್ದಳು. ಅದರಲ್ಲಿ ನಾಲಿಗೆ, ಅಂಗುಳು, ಗಂಟಲು ಎಲ್ಲಕ್ಕೂ ಬಾಣದ ಗುರುತು. ಅಮ್ಮ ಅದನ್ನು ಬಹಳ ಹೊತ್ತು ನೋಡಿ, "ಬಾಯೊಳಗೆ ನಮ್ಮ ಮನೆಗಿಂತ ಜಾಸ್ತಿ ರೂಮಿದೆಯಲ್ಲೇ," ಎಂದಳು.

ಮೂರನೇ ವರ್ಷದಲ್ಲಿ ಪ್ರಾಜೆಕ್ಟು ಬಂತು. ಪ್ರತಿಯೊಬ್ಬ ವಿದ್ಯಾರ್ಥಿಯೂ ಒಬ್ಬ ವ್ಯಕ್ತಿಯ ಬಾಯಿಂದ ಇನ್ನೂರಹತ್ತು ಪದ ಹೇಳಿಸಿ ರೆಕಾರ್ಡ್ ಮಾಡಿ, ಒಂದೊಂದು ಸ್ವರವೂ ಎಷ್ಟು ಉದ್ದ ಎಂದು ಅಳೆಯಬೇಕು. ಧ್ವನಿಶಾಸ್ತ್ರದ ಮೇಡಂ ನಿಯಮ ಹೇಳಿಕೊಟ್ಟರು. ಪ್ರತಿ ಪದವನ್ನು ಮೂರು ಸಲ ಹೇಳಿಸಬೇಕು. ಮೊದಲನೇ ಸಲ ಮನುಷ್ಯ ಹುಷಾರಾಗಿ ಹೇಳುತ್ತಾನೆ, ಮೂರನೇ ಸಲ ಮುಗಿಯಿತಲ್ಲ ಎಂದು ದನಿ ಇಳಿಸುತ್ತಾನೆ. ನಡುವಿನದನ್ನು ಮಾತ್ರ ಇಟ್ಟುಕೊಂಡು ಉಳಿದದ್ದನ್ನೆಲ್ಲ ಕತ್ತರಿಸಬೇಕು. ಕೆಮ್ಮು, ನಗು, ಹರಟೆ ಯಾವುದೂ ಇರಬಾರದು. ವಿಭಾಗದ ರೆಕಾರ್ಡರು ಮುಂದಿನ ಬ್ಯಾಚಿಗೂ ಬೇಕು, ಆದ್ದರಿಂದ ಖಾಲಿ ಮಾಡಿ ಹಿಂದಿರುಗಿಸಬೇಕು.

ಬೇರೆಯವರೆಲ್ಲ ಗೆಳತಿಯರನ್ನು ಕೂರಿಸಿಕೊಂಡರು. ಅಕ್ಕ ಅಮ್ಮನನ್ನು ಕೇಳಿದಳು.

"ನನ್ನ ಮಾತಾ? ಕಾಲೇಜಿಗಾ?" ಎಂದು ಅಮ್ಮ ಬಾಯಿಂದ ಸೂಜಿಗಳನ್ನು ತೆಗೆದು ಸೂಜಿಮೆತ್ತೆಗೆ ಚುಚ್ಚಿದಳು. ಅಷ್ಟು ಸಂತೋಷವಾಗಿತ್ತು. ಮರುದಿನ ಎಣ್ಣೆ ಹಚ್ಚಿ ತಲೆ ಬಾಚಿಕೊಂಡು, ಮದುವೆಗೆ ಹೊರಟವಳ ಹಾಗೆ ತಯಾರಾಗಿ ಕೂತಳು.

"ಅಮ್ಮ, ಇದು ಬರೀ ದನಿ. ನೀನು ಕಾಣಿಸಲ್ಲ."

"ಕಾಣಿಸದಿದ್ರೇನು? ಬಾಚಿಕೊಂಡ ತಲೆಯಿಂದ ಬರೋ ಮಾತೇ ಬೇರೆ."

ನಾಲ್ಕು ಮಧ್ಯಾಹ್ನ ಆ ಕೆಲಸ ನಡೆಯಿತು. ಅಕ್ಕ ಕಿಟಕಿ ಮುಚ್ಚಿದಳು. ಬೀದಿಯ ಸದ್ದು ಹೀರಲಿ ಎಂದು ಗಿರಾಕಿಗಳ ಕೋಟುಗಳನ್ನೆಲ್ಲ ಗೋಡೆಯುದ್ದಕ್ಕೂ ತೂಗುಹಾಕಿದಳು. ಗಡಿಯಾರದ ಸೆಲ್ಲು ತೆಗೆದಳು, ಫ್ರಿಜ್ಜು ಆರಿಸಿದಳು. ಮೊದಲ ದಿನ ಮತ್ತೆ ಹಾಕಲು ಮರೆತು ಹಾಲು ಒಡೆಯಿತು. ಮೆಷಿನ್ನು ನಿಂತ ಮನೆ ವಿಚಿತ್ರವಾಗಿತ್ತು. "ಹಗಲು ಹೊತ್ತು ಈ ಮೆಷಿನ್ನು ನಿಂತ್ರೆ ಮನೇಲಿ ಯಾರಿಗೋ ಹುಷಾರಿಲ್ಲ ಅಂತ ಅರ್ಥ," ಎಂದಳು ಅಮ್ಮ. ತಂಗಿ ಮೂಲೆಯಲ್ಲಿ ಒಂದು ಪರದೆಯ ಅಂಚು ಹೊಲಿಯುತ್ತ ಕೂತಿದ್ದಳು. ಅವಳಿಂದ ಸದ್ದೇ ಬರುವುದಿಲ್ಲವೆಂದು ಅಕ್ಕ ಅವಳನ್ನು ಹೊರಗೆ ಕಳಿಸಲಿಲ್ಲ.

ಅಕ್ಕ ಚಿತ್ರ ತೋರಿಸಬೇಕು, ಅಮ್ಮ ಪದ ಹೇಳಬೇಕು. ಆದರೆ ಅಮ್ಮನಿಗೆ ಒಂದು ಪದ ಎಂದರೆ ಒಂದು ಕಥೆ. ಹನ್ನೆರಡನೇ ಪದ ಮೂಗು. ಅಕ್ಕ ಮೂಗಿನ ಚಿತ್ರ ಎತ್ತಿದಳು.

"ಅಯ್ಯೋ, ಮೂಗು ಅಂದ್ರೆ ನೆನಪಾಯ್ತು. ನೀನು ಎರಡು ವರ್ಷದವಳಿದ್ದಾಗ ಕೋಟಿನ ಗುಂಡಿ ಮೂಗಿಗೆ ತುರುಕಿಕೊಂಡಿದ್ದೆ. ಎತ್ತಿಕೊಂಡು ಡಾಕ್ಟರ ಹತ್ರ ಓಡಿದೆ. ಚಪ್ಪಲಿ ಕೂಡ ಇಲ್ಲ ಕಾಲಲ್ಲಿ. ಅರ್ಧ ದಾರಿಗೆ ಸೀನಿದೆ ನೋಡು, ಗುಂಡಿ ಹಾರಿ ಚರಂಡಿ ಪಕ್ಕ ಬಿತ್ತು. ಎತ್ತಿ ತೊಳೆದು, ಅದೇ ಗುಂಡೀನ ಹೈಸ್ಕೂಲು ಹೆಡ್‌ಮಾಸ್ಟರ ಕೋಟಿಗೆ ಹೊಲಿದುಬಿಟ್ಟೆ. ಹತ್ತು ವರ್ಷ ಹಾಕ್ಕೊಂಡು ಓಡಾಡಿದ್ರು ಪಾಪ!"

ಅಮ್ಮ ನಕ್ಕಳು. ತಂಗಿ ಬಾಯಿಗೆ ಪರದೆ ಒತ್ತಿಕೊಂಡು ನಕ್ಕಳು. ಅಕ್ಕನ ಕಣ್ಣು ರೆಕಾರ್ಡರಿನ ಮುಳ್ಳಿನ ಮೇಲಿತ್ತು. ಅದು ಕೆಂಪು ಗೆರೆ ದಾಟಿ ಕುಣಿಯುತ್ತಿತ್ತು.

"ಅಮ್ಮಾ, ಬರೀ ಪದ ಹೇಳು. ಕಥೆ ಎಲ್ಲ ಆಮೇಲೆ."

"ಆಯ್ತಪ್ಪ ಪ್ರೊಫೆಸರಮ್ಮ. ಮೂಗು, ಮೂಗು, ಮೂಗು."

ಹೀಗೆ ನಡೆಯಿತು. ಬೆಂಕಿಗೆ ಇಸ್ತ್ರಿಯಲ್ಲಿ ಸುಟ್ಟ ಕಾಲರಿನ ಕಥೆ, ಹಗ್ಗಕ್ಕೆ ಒಂದು, ಬೆಕ್ಕಿಗೆ ಎರಡು. ಪ್ರತಿ ಸಲವೂ ಅಕ್ಕ "ಆಮೇಲೆ ಅಮ್ಮ, ಆಮೇಲೆ" ಎನ್ನುತ್ತಿದ್ದಳು. ಎರಡನೇ ದಿನ ಎಂಬತ್ತೆಂಟನೇ ಪದ ಬಂತು. ಅದಕ್ಕೆ ಚಿತ್ರವಿರಲಿಲ್ಲ, ಅಕ್ಷರದಲ್ಲಿ 'ಮಗಳು' ಎಂದು ಬರೆದಿತ್ತು.

"ಯಾವಳು?" ಎಂದಳು ಅಮ್ಮ.

"ಯಾರೂ ಅಲ್ಲಮ್ಮ. ಬರೀ ಪದ."

"ಬರೀ ಮಗಳು ಅಂತ ಎಲ್ಲಿರ್ತಾಳೆ? ದೊಡ್ಡವಳು ಇರ್ತಾಳೆ, ಚಿಕ್ಕವಳು ಇರ್ತಾಳೆ."

"ಅಮ್ಮಾ..."

ಅಮ್ಮ ನೇರವಾಗಿ ಕೂತಳು. ಮೊದಲನೇ ಸಲ ಅಕ್ಕನನ್ನು ನೋಡಿ "ಮಗಳು" ಎಂದಳು. ಅಕ್ಕ ಆಗ ತಲೆ ತಗ್ಗಿಸಿ ಹಾಳೆಯಲ್ಲಿ ಗುರುತು ಹಾಕುತ್ತಿದ್ದಳು. ಎರಡನೇ ಸಲ ಮೂಲೆಯ ಕಡೆ ತಿರುಗಿ, ತಂಗಿಯನ್ನು ನೋಡಿ "ಮಗಳು" ಎಂದಳು. ಮೂರನೇ ಸಲ ಮೈಕಿಗೆ ಹೇಳಿದಳು.

ಮೂರನೇ ದಿನದಿಂದ ಅಮ್ಮನಿಗೆ ಅಭ್ಯಾಸವಾಯಿತು. ಕಥೆಗಳು ಕಡಿಮೆಯಾದವು. ನಾಲ್ಕನೇ ದಿನ ಒಂದೂ ಇರಲಿಲ್ಲ. ಅಮ್ಮ ಕೇಳಿದ ಪದವನ್ನು ಕೇಳಿದ ಹಾಗೆ ಮೂರು ಸಲ ಹೇಳಿ, ಮುಂದಿನ ಚೀಟಿಗಾಗಿ ಕೈ ಚಾಚುತ್ತಿದ್ದಳು. ಅಕ್ಕನಿಗೆ ಅವತ್ತು ಬಹಳ ಖುಷಿಯಾಗಿತ್ತು.

ವಿಭಾಗದ ಲ್ಯಾಬಿನಲ್ಲಿ ಕೂತು ಅಕ್ಕ ಒಂಬತ್ತು ದಿನ ಕತ್ತರಿಸಿದಳು. ಅಮ್ಮ ಬಟ್ಟೆ ಕತ್ತರಿಸುವ ಹಾಗೆಯೇ, ಗೆರೆ ತಪ್ಪದೆ. ದನಿಯ ಅಲೆ ಎಲ್ಲಿ ಏಳುತ್ತದೋ ಅಲ್ಲಿ ಒಂದು ಕತ್ತರಿ, ಎಲ್ಲಿ ಮಲಗುತ್ತದೋ ಅಲ್ಲಿ ಇನ್ನೊಂದು. ಇನ್ನೂರಹತ್ತು ಚೂರುಗಳು. ಉಳಿದದ್ದನ್ನು ಅಳಿಸಿ, ರೆಕಾರ್ಡರನ್ನು ಖಾಲಿ ಮಾಡಿ, ರಿಜಿಸ್ಟರಿನಲ್ಲಿ ಸಹಿ ಹಾಕಿ ಬಂದಳು. ಮೇಡಂ ಇಡೀ ಕ್ಲಾಸಿನ ಎದುರು ಹೇಳಿದರು: "ಇಷ್ಟು ಶುಚಿಯಾದ ಕೆಲಸ ಈ ವರ್ಷ ಯಾರೂ ಮಾಡಿಲ್ಲ." ಒಂದೇ ಒಂದು ಕಡೆ, ಹನ್ನೆರಡನೇ ಪದದ ಪಕ್ಕ, ಕೆಂಪು ಶಾಯಿಯಲ್ಲಿ 'ಆರಂಭದಲ್ಲಿ ಸದ್ದು ಉಳಿದಿದೆ' ಎಂದು ಬರೆದು ಒಂದು ಅಂಕ ಕಳೆದಿದ್ದರು. ಆ ಒಂದು ಅಂಕಕ್ಕೆ ಅಕ್ಕ ಮನೆಗೆ ಬಂದು ಊಟ ಬಿಟ್ಟಳು. "ಹೋಗ್ಲಿ ಬಿಡೇ, ನೂರಕ್ಕೆ ತೊಂಬತ್ತೊಂಬತ್ತು ಬಂದ ಸಂಕಟ ನಿನಗೊಬ್ಬಳಿಗೇ," ಎಂದು ಅಮ್ಮ ತಟ್ಟೆ ತಳ್ಳಿದಳು.

ಅದಾಗಿ ಆರು ವಾರಕ್ಕೆ, ಒಂದು ಬೆಳಿಗ್ಗೆ, ಮೆಷಿನ್ನು ನಿಂತಿತು. ಅಕ್ಕ ಒಳಗಿನ ಕೋಣೆಯಲ್ಲಿ ಜಪಾನಿ ಕ್ರಿಯಾಪದ ಬಾಯಿಪಾಠ ಮಾಡುತ್ತಿದ್ದಳು. ಹೊರಗೆ ಬಂದು ನೋಡಿದರೆ ಅಮ್ಮ ಅರ್ಧ ಹೊಲಿದ ತೋಳಿನ ಮೇಲೆ ಕೆನ್ನೆ ಇಟ್ಟಿದ್ದಳು. ಕಣ್ಣು ತೆರೆದಿತ್ತು. ಸೂಜಿಗಳು ನೆಲದ ಮೇಲಿದ್ದವು.

ಆಸ್ಪತ್ರೆಯಲ್ಲಿ ಡಾಕ್ಟರು ಮೆದುಳಿನ ಚಿತ್ರ ಬೆಳಕಿಗೆ ಹಿಡಿದು ತೋರಿಸಿದರು. ಅವರು ವಿವರಿಸುವ ಮೊದಲೇ ಅಕ್ಕನಿಗೆ ಅರ್ಥವಾಗಿತ್ತು. ಎಡಗಡೆಯ ಯಾವ ಮಡಿಕೆಗೆ ಪೆಟ್ಟಾದರೆ ಮಾತು ಹೋಗುತ್ತದೆ ಎಂದು ಅವಳು ಪರೀಕ್ಷೆಯಲ್ಲಿ ಚಿತ್ರ ಸಮೇತ ಬರೆದಿದ್ದಳು.

"ಕೇಳಿಸುತ್ತೆ, ಅರ್ಥವೂ ಆಗಬಹುದು. ಹೇಳೋದಕ್ಕೆ ಆಗಲ್ಲ," ಎಂದರು ಡಾಕ್ಟರು.

"ಗೊತ್ತು ಸರ್," ಎಂದಳು ಅಕ್ಕ. ಆಮೇಲೆ ನನಗೆ ಹೇಳಿದಳು, ಜೀವಮಾನದಲ್ಲಿ ಯಾವ ಪಾಠ ಕಲಿತದ್ದಕ್ಕೂ ಅಷ್ಟು ಹೇಸಿಗೆ ಆಗಿರಲಿಲ್ಲವಂತೆ.

ಮನೆಗೆ ಕರೆತಂದ ಮೇಲೂ ಹತ್ತು ವಾರ ಅಮ್ಮ ಹಾಗೇ ಇದ್ದಳು. ಅಕ್ಕ ಕಾಲೇಜಿಗೆ ಹೋಗಲಿಲ್ಲ. ಪ್ರಾಜೆಕ್ಟಿನ ಚಿತ್ರಗಳನ್ನೇ ತಂದು ಒಂದೊಂದಾಗಿ ಎತ್ತಿ ತೋರಿಸಿದಳು. ಮೂಗು. ನೀರು. ಬಾಗಿಲು. "ಹೇಳಮ್ಮ, ಒಂದೇ ಸಲ ಸಾಕು. ಕಥೆ ಬೇಕಾದ್ರೂ ಹೇಳು." ಅಮ್ಮನ ಬಾಯಿ ತೆರೆಯುತ್ತಿತ್ತು, ಉಸಿರು ಬರುತ್ತಿತ್ತು. ಒಂದು ದಿನ ಅಮ್ಮ ಎಡಗೈಯಿಂದ ಸೂಜಿಮೆತ್ತೆಯತ್ತ ತೋರಿಸಿದಳು. ಅಕ್ಕ ಗುಂಡುಸೂಜಿ ಬೇಕೇನೋ ಎಂದು ಎರಡನ್ನು ತೆಗೆದುಕೊಟ್ಟಳು. ಅಮ್ಮ ಅವನ್ನು ತುಟಿಗಳ ನಡುವೆ ಇಟ್ಟುಕೊಂಡಳು. ತುಟಿ ಹಿಡಿಯಲಿಲ್ಲ. ಸೂಜಿಗಳು ಜಾರಿ ಹೊದಿಕೆಯ ಮೇಲೆ ಬಿದ್ದವು. ಅಮ್ಮ ಗೋಡೆಯ ಕಡೆ ತಿರುಗಿ ಮಲಗಿದಳು. ಅಕ್ಕ ಹೊದಿಕೆಯ ಮೇಲೆ ಕೈಯಾಡಿಸಿ ಸೂಜಿ ಹುಡುಕುತ್ತ ಅಲ್ಲೇ ಕೂತಿದ್ದಳು, ಎರಡೂ ಸಿಕ್ಕ ಮೇಲೂ ಹುಡುಕುತ್ತಲೇ ಇದ್ದಳು.

ಹನ್ನೊಂದನೇ ವಾರ ಅಮ್ಮ ತೀರಿಕೊಂಡಳು.

ಮನೆಗೆ ಬಂದವರೆಲ್ಲ ಹೋದ ಮೇಲೆ ಅಕ್ಕನಿಗೆ ಅಮ್ಮನ ದನಿ ಕೇಳಬೇಕೆನಿಸಿತು. ಫೋನಿನಲ್ಲಿ ಮೂರು ವಿಡಿಯೋ ಇದ್ದವು. ಮೂರರಲ್ಲೂ ಅಮ್ಮ ಬೆನ್ನು ಹಾಕಿ ಮೆಷಿನ್ನು ತುಳಿಯುತ್ತಿದ್ದಳು, ಕೇಳಿಸುವುದು ಮೆಷಿನ್ನಿನದೇ ಸದ್ದು. ಉಳಿದದ್ದು ಪ್ರಾಜೆಕ್ಟು. ಅಕ್ಕ ಕಂಪ್ಯೂಟರು ತೆರೆದು ಒಂದನೇ ಫೈಲು ಒತ್ತಿದಳು.

"ಕಣ್ಣು," ಎಂದಳು ಅಮ್ಮ.

ಎರಡನೆಯದು. "ಕಿವಿ."

ಇನ್ನೂರಹತ್ತನ್ನೂ ಕೇಳಿದಳು. ಅಷ್ಟಕ್ಕೂ ಮೂರು ನಿಮಿಷ ಹಿಡಿಯಲಿಲ್ಲ. ಯಾವುದರಲ್ಲೂ ಅಕ್ಕನ ಹೆಸರಿಲ್ಲ, ಪ್ರೊಫೆಸರಮ್ಮ ಇಲ್ಲ, ಅಯ್ಯೋ ಇಲ್ಲ, ಕಣೇ ಇಲ್ಲ. ಮರುದಿನ ಅಕ್ಕ ಒಂದು ಉಪಾಯ ಮಾಡಿದಳು. ಎಂಬತ್ತೆಂಟನೇ 'ಮಗಳು' ತೆಗೆದುಕೊಂಡು, ಅದರ ಪಕ್ಕ ನೂರಾ ಐವತ್ತನೇ 'ಬಾ' ಅಂಟಿಸಿದಳು. ಆಮೇಲೆ 'ಮನೆ', ಆಮೇಲೆ 'ನೀರು', ಆಮೇಲೆ 'ಕುಡಿ'. ಒತ್ತಿ ಕೇಳಿದಳು. ರೈಲ್ವೆ ಸ್ಟೇಷನ್ನಿನಲ್ಲಿ ಯಾವ ಗಾಡಿ ಯಾವ ಪ್ಲಾಟ್‌ಫಾರ್ಮಿಗೆ ಎಂದು ಕೂಗುತ್ತಾರಲ್ಲ, ಹಾಗಿತ್ತು. ಯಾಕೆ ಹಾಗೆ ಎಂಬುದೂ ಅವಳಿಗೆ ಗೊತ್ತಿತ್ತು. ಬಿಡಿ ಪದದಲ್ಲಿ ಮಾತಿನ ರಾಗ ಇರುವುದಿಲ್ಲ, ಅದು ಇಡೀ ವಾಕ್ಯದ ಮೇಲೆ ಹರಿಯುವಂಥದ್ದು, ಎರಡನೇ ವರ್ಷದ ಪಾಠ. ಆದರೂ ನಾಲ್ಕು ದಿನ ಅಂಟಿಸುತ್ತಲೇ ಇದ್ದಳು. ಸಣ್ಣದು ಮಾಡಿದಳು, ಉದ್ದ ಮಾಡಿದಳು, ಏರಿಸಿದಳು, ಇಳಿಸಿದಳು. ಐದನೇ ದಿನ ಎದ್ದು ಲ್ಯಾಬಿಗೆ ಓಡಿದಳು.

ಲ್ಯಾಬು ನೋಡಿಕೊಳ್ಳುತ್ತಿದ್ದವರು ನಿವೃತ್ತಿಗೆ ಹತ್ತಿರವಾದ ಒಬ್ಬ ಹಿರಿಯರು. ವಿದ್ಯಾರ್ಥಿಗಳೆಲ್ಲ ಅವರನ್ನು 'ಲ್ಯಾಬ್ ಮಾವ' ಎನ್ನುತ್ತಿದ್ದರು.

"ಮಾವ, ನನ್ನ ರೆಕಾರ್ಡರು... ಒಳಗೆ ಎಲ್ಲಾದ್ರೂ ಹಳೇದು ಉಳಿದಿರುತ್ತಾ? ಅಮ್ಮ ಮಾತಾಡಿದ್ದು. ಕಥೆ ಹೇಳಿದ್ದು."

ಲ್ಯಾಬ್ ಮಾವ ಕನ್ನಡಕ ಹಾಕಿಕೊಂಡು ರಿಜಿಸ್ಟರು ತೆಗೆದರು. ಬೆರಳಿಟ್ಟು ತೋರಿಸಿದರು. 'ಪೂರ್ತಿ ಖಾಲಿ ಮಾಡಿ ಹಿಂದಿರುಗಿಸಿದ್ದೇನೆ.' ಕೆಳಗೆ ಅಕ್ಕನ ಸಹಿ, ದುಂಡಗೆ, ನೀಟಾಗಿ.

"ಎಲ್ಲರೂ ಅರ್ಧಂಬರ್ಧ ಅಳಿಸಿ ಕೊಡ್ತಾರಮ್ಮ. ಕೂತು ಪೂರ್ತಿ ಅಳಿಸಿದವಳು ನೀನೊಬ್ಬಳೇ. ಅದಾದ ಮೇಲೆ ಎರಡು ಬ್ಯಾಚು ಅದರ ಮೇಲೇ ರೆಕಾರ್ಡ್ ಮಾಡಿವೆ." ರಿಜಿಸ್ಟರು ಮುಚ್ಚಿ, "ಮಾತು ಆಡಿದರೆ ಹೋಯ್ತು, ಮುತ್ತು ಒಡೆದರೆ ಹೋಯ್ತು ಅಂತ ನಮ್ಮಜ್ಜಿ ಹೇಳೋಳು. ಕೂತ್ಕೋ ತಾಯಿ, ನೀರು ಕುಡಿ," ಎಂದರು.

ಅಕ್ಕ ಕೂರಲಿಲ್ಲ. ಮನೆಗೆ ನಡೆದು ಬಂದಳು. ಬಸ್ಸಿನಲ್ಲಿ ಜನ ಮಾತಾಡುತ್ತಿರುತ್ತಾರೆ, ಅದನ್ನು ಕೇಳಲಾರೆ ಎನಿಸಿತಂತೆ.

ಆಮೇಲೆ ಉಳಿದದ್ದು ಆ ಕೆಂಪು ಶಾಯಿಯ ತಪ್ಪು. ಹನ್ನೆರಡನೇ ಫೈಲಿನಲ್ಲಿ, 'ಮೂಗು' ಎನ್ನುವ ಮೊದಲು, ಕಣ್ಣು ಮಿಟುಕಿಸುವಷ್ಟು ಹೊತ್ತಿನ ಒಂದು ಸದ್ದು. ಅಕ್ಕ ಅದನ್ನೊಂದನ್ನೇ ಬೇರೆ ಮಾಡಿ ಹತ್ತು ಸಲ, ನೂರು ಸಲ ಕೇಳಿದಳು. ನಗು. ಕಥೆಯ ಕೊನೆಗೆ ಬಂದ ನಗು ಪದ ಹೇಳುವಾಗಲೂ ಪೂರ್ತಿ ಆರಿರಲಿಲ್ಲ, ಅದರದೊಂದು ಎಳೆ.

ತಂಗಿ ಮೆಷಿನ್ನಿನಲ್ಲಿ ಅಮ್ಮ ಅರ್ಧಕ್ಕೆ ಬಿಟ್ಟ ಕೋಟಿನ ತೋಳು ಜೋಡಿಸುತ್ತಿದ್ದಳು. ಅಕ್ಕ ಬಾಗಿಲಲ್ಲಿ ನಿಂತು ಕೇಳಿದಳು.

"ಅವತ್ತು ಅಮ್ಮ ಯಾಕೆ ನಕ್ಕಳೇ? ಮೂಗು ಅನ್ನೋವಾಗ. ನಾನು ಮುಳ್ಳು ನೋಡ್ತಿದ್ದೆ. ನನಗೆ ನೆನಪಿಲ್ಲ."

ತಂಗಿ ಕಾಲು ನಿಲ್ಲಿಸಿದಳು. ಆಮೇಲೆ ಗುಂಡಿಯ ಕಥೆ ಹೇಳಿದಳು. ಚಪ್ಪಲಿ ಇಲ್ಲದ ಕಾಲು, ಚರಂಡಿ, ಹೆಡ್‌ಮಾಸ್ಟರ ಕೋಟು. ನಡುನಡುವೆ ನಿಂತು, ಹಿಂದೆ ಹೋಗಿ ಸರಿಮಾಡಿ ಹೇಳಿದಳು. ಅಕ್ಕ ನೆಲದ ಮೇಲೆ ಕೂತುಬಿಟ್ಟಳು.

"ಇನ್ನೂ ಏನೇನು ನೆನಪಿದೆ ನಿನಗೆ?"

"ಸುಮಾರು."

"ಎಷ್ಟು?"

"ಮೊದಲ ಎರಡು ದಿನದ್ದು. ಎಲ್ಲಾ ಅಲ್ಲ. ಹಗ್ಗದ್ದು ಅರ್ಧ ಮರೆತಿದೆ."

"ಬರಿ," ಎಂದಳು ಅಕ್ಕ. "ಒಂದನೇ ಪದದಿಂದ ಬರಿ. ನಾನು ಕಿವಿ ಇದ್ದೂ ಕೇಳಲಿಲ್ಲ. ನೀನು ಕೇಳಿದ್ದೀಯ." ಹೇಳಿ ಅತ್ತಳು. ಬರೆದರೂ ಅಮ್ಮನ ದನಿ ಬರುವುದಿಲ್ಲ ಎಂದು ಅವಳೇ ಹೇಳಿ ಮತ್ತೆ ಅತ್ತಳು. ತಂಗಿ ಅದಕ್ಕೆ ಎದುರು ಹೇಳಲಿಲ್ಲ, ಅದು ನಿಜವಾಗಿತ್ತು.

ಅಕ್ಕ ಇನ್ನೂ ಕಾಲೇಜಿಗೆ ಹೋಗುತ್ತಿಲ್ಲ. ಕೊನೆಯ ವರ್ಷದ ಫಾರಂ ಫ್ರಿಜ್ಜಿನ ಮೇಲೆ ಇದೆ. ಗೋಡೆಯ ಮೇಲಿದ್ದ ಸೀಳಿದ ತಲೆಯ ಚಿತ್ರ ತೆಗೆದು ಚೂರಿನ ಚೀಲಕ್ಕೆ ಹಾಕಿದ್ದಾಳೆ. ದಿನವೂ ಬೆಳಿಗ್ಗೆ ಎದ್ದ ಕೂಡಲೇ ಎಂಬತ್ತೆಂಟನೇ ಫೈಲು ಒತ್ತುತ್ತಾಳೆ. "ಮಗಳು," ಎನ್ನುತ್ತಾಳೆ ಅಮ್ಮ. ಅಕ್ಕ ಕಣ್ಣು ಮುಚ್ಚಿ ಕೇಳುತ್ತಾಳೆ. "ಇದೊಂದು ನನಗೆ ಹೇಳಿದ್ದು," ಎಂದು ಮೊನ್ನೆ ಹೇಳಿದಳು.

ಅಕ್ಕನಿಗೆ ಹೇಳಿದ್ದು ಮೊದಲನೆಯದು. ಅದನ್ನು ನಿಯಮದ ಪ್ರಕಾರ ಅಕ್ಕ ಕತ್ತರಿಸಿ ಹಾಕಿದಳು. ಉಳಿದಿರುವುದು ಎರಡನೆಯದು. ಆಗ ಅಮ್ಮ ನನ್ನನ್ನು ನೋಡುತ್ತಿದ್ದಳು. ಅದು ನನಗೊಬ್ಬಳಿಗೇ ಗೊತ್ತು. ಗೊತ್ತಿದ್ದೂ ದಿನಾ ಬೆಳಿಗ್ಗೆ ಸುಮ್ಮನೆ ಇದ್ದೇನೆ. ಅಕ್ಕನ ಕೈಯಲ್ಲಿ ಉಳಿದಿರುವ ಒಂದನ್ನೂ ಕಿತ್ತುಕೊಂಡ ಹಾಗೆ ಆಗುತ್ತದೆಂದು ಒಂದು ಮನಸ್ಸು. ಅಮ್ಮ ಮೊದಲು ಅವಳನ್ನೇ ನೋಡಿದ್ದಳು, ಮೊದಲು ಅವಳಿಗೇ ಹೇಳಿದ್ದಳು, ಅದು ಅವಳಿಗೆ ತಿಳಿಯಬೇಡವೇ ಎಂದು ಇನ್ನೊಂದು ಮನಸ್ಸು. ಸತ್ಯ ಬಿಟ್ಟು ಬರೆದರೆ ನಾನೂ ಕತ್ತರಿಸಿದ ಹಾಗೆಯೇ. ಆದರೆ ಅಕ್ಕ ಅದನ್ನು ನನ್ನ ಕೆಟ್ಟ ಅಕ್ಷರದಲ್ಲಿ ಒಬ್ಬಳೇ ಓದಬಾರದು.

ನಾಳೆ ಮಧ್ಯಾಹ್ನ, ಕೋಟು ಗಿರಾಕಿಗೆ ಕೊಟ್ಟು ಬಂದ ಮೇಲೆ, ಅಕ್ಕನ ಎದುರು ಕೂತು ಎಂಬತ್ತೆಂಟನೇ ಪದದ ವಿಷಯ ಬಾಯಿಬಿಟ್ಟು ಹೇಳುತ್ತೇನೆ. ಆಮೇಲೆ ಹೊಸ ನೋಟುಪುಸ್ತಕ ತೆಗೆದು ಒಂದನೇ ಪದದಿಂದ ಬರೆಯಲು ಶುರುಮಾಡುತ್ತೇನೆ. ನೆನಪಿಲ್ಲದ ಕಡೆ ಜಾಗ ಖಾಲಿ ಬಿಡುತ್ತೇನೆ.